ಚಕ್ರವರ್ತಿಯ ಉಳಿದ ಅರ್ಧ

ಜೂನ್ 3

ಅಕ್ಕಾ,

ನಿಂತಿದ್ದರೆ ಕೂತುಕೊಂಡು ಓದು. ನಿನ್ನ ತಮ್ಮನನ್ನು ಹಗಲು ಪಾಳಿಯ ಇನ್‌ಚಾರ್ಜ್ ಮಾಡಿದ್ದಾರೆ. ಹಳೆಯ ಇನ್‌ಚಾರ್ಜ್ ರಾಜೀನಾಮೆ ಕೊಟ್ಟು ಹೋದರು. ಹೋಗುವಾಗ ನನ್ನ ಭುಜ ತಟ್ಟಿ, "ಇನ್ನು ನಂಗೆ ನಿದ್ದೆ ಬರುತ್ತೆ ಕಣಯ್ಯಾ, ನಿಂಗೆ ಬರಲ್ಲ" ಅಂದರು. ತಮಾಷೆ ಎಂದುಕೊಂಡು ನಕ್ಕೆ. ಈಗ ಮೂರು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ.

ನಿನ್ನ ಮಟ್ಟಿಗೆ ಐಸ್ ಕಾರ್ಖಾನೆ ಎಂದರೆ ಐಸಿನ ದಿಮ್ಮಿಗಳು, ಅಷ್ಟೇ. ಆ ದಿಮ್ಮಿಗಳು ಗಟ್ಟಿಯಾಗಬೇಕಾದರೆ ಉದ್ದಾನುದ್ದ ಕೊಳವೆಗಳಲ್ಲಿ ಅಮೋನಿಯಾ ಓಡುತ್ತಿರಬೇಕು. ಕೊಳವೆಯೊಳಗೆ ಇರುವಷ್ಟು ಹೊತ್ತು ಅದು ಸಾಧು. ಹೊರಗೆ ಬಂದರೆ ಕಣ್ಣು, ಗಂಟಲು, ಶ್ವಾಸಕೋಶ, ಹೀಗೆ ಮೈಯಲ್ಲಿ ತೇವ ಇರುವ ಜಾಗವನ್ನೆಲ್ಲ ಹುಡುಕಿಕೊಂಡು ಹೋಗಿ ಸುಡುತ್ತದೆ. ಕೊಳವೆಗಳು ಕಾರ್ಖಾನೆಯ ಹಿಂಬದಿಯ ಓಣಿಯಲ್ಲಿ ಹಾದುಹೋಗುತ್ತವೆ. ಓಣಿಯ ಗೋಡೆಯ ಆಚೆಗೆ ನಮ್ಮ ಆರು ಕ್ವಾರ್ಟರ್ಸ್. ಮೂರನೆಯದು ನನ್ನದು. ಮಗಳು ಗುಬ್ಬಿ ಮಲಗುವ ಕಿಟಕಿಯಿಂದ ಆ ಗೋಡೆಗೆ ಹದಿನಾಲ್ಕು ಹೆಜ್ಜೆ. ನಿನ್ನೆ ಅಳೆದೆ. ಇಷ್ಟು ವರ್ಷ ಅಳೆಯಬೇಕು ಅನ್ನಿಸಿರಲಿಲ್ಲ.

ನಮ್ಮನ್ನು ಕಾಯುತ್ತಿರುವುದು ಮೂಗಣ್ಣ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಈ ಕೆಲಸದಲ್ಲಿ ಹತ್ತು ವರ್ಷ ಕಳೆದವರ ಮೂಗು ಮರಗಟ್ಟಿಬಿಡುತ್ತದೆ, ಸಣ್ಣ ಸೋರಿಕೆ ತಿಳಿಯುವುದಿಲ್ಲ. ಅವರದು ಮಾತ್ರ ಮೂವತ್ತು ವರ್ಷವಾದರೂ ಹಾಗೇ ಇದೆ. ದಿನಕ್ಕೆ ನಾಲ್ಕು ಸಲ ಆ ಓಣಿಯಲ್ಲಿ ಮೂಸುತ್ತ ನಡೆದು ಬಂದು "ಎಲ್ಲಾ ಸೈ" ಅನ್ನುತ್ತಾರೆ. ನಾವು ಉಸಿರು ಬಿಡುತ್ತೇವೆ.

ಮೊದಲ ದಿನವೇ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಕಂಪ್ರೆಸರ್‌ನ ಎಣ್ಣೆ ಇಳಿಸುವ ವಾಲ್ವ್ ಅರ್ಧ ತೆರೆದೇ ಇತ್ತು. ಬುಸ್ಸೆನ್ನುವ ಸದ್ದು ಕೇಳಿ ಯಾರೋ ಓಡಿಹೋಗಿ ಮುಚ್ಚಿದರು. ಯಾರು ಬಿಟ್ಟದ್ದು ಎಂದು ಕೇಳಿದರೆ ನನ್ನ ಪಾಳಿಯ ಹನ್ನೊಂದು ಜನವೂ ಸೂರು ನೋಡಿದರು. ನಾನೂ ಹೆಚ್ಚು ಕೆದಕಲಿಲ್ಲ.

ಅವರಲ್ಲಿ ಏಳು ಜನ ನನಗಿಂತ ದೊಡ್ಡವರು. ನಾನು ಏನಾದರೂ ಹೇಳಿದರೆ "ಆಯ್ತಪ್ಪಾ" ಅನ್ನುತ್ತಾರೆ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಬೈಂಡಿಂಗ್ ಅಂಗಡಿಯಲ್ಲಿ ನೀನು ಹೊಲಿಯುವ ಪುಸ್ತಕಗಳನ್ನೆಲ್ಲ ಓದುತ್ತೀಯಲ್ಲ, ಜನರನ್ನು ಆಳಿದವರ ಬಗ್ಗೆ ಏನಾದರೂ ಸಿಕ್ಕರೆ ಬರೆದು ಕಳಿಸು. ನಗಬೇಡ. ನನಗೆ ಭಯವಾಗುತ್ತಿದೆ.

ನಿನ್ನ
ತಮ್ಮ


ಜೂನ್ 12

ಇನ್‌ಚಾರ್ಜರೇ,

ನಕ್ಕೆ. ಆಮೇಲೆ ಹದಿನಾಲ್ಕು ಹೆಜ್ಜೆ ಅನ್ನುವಲ್ಲಿಗೆ ಬಂದಾಗ ನಗು ನಿಂತುಹೋಯಿತು.

ನೀನು ಕೇಳಿದ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಅಂಥದ್ದೇ ಒಂದು ಪುಸ್ತಕ ಬಿಚ್ಚಿ ಬಿದ್ದಿದೆ. ನಮ್ಮ ಬೀದಿಯ ನಿವೃತ್ತ ಜಡ್ಜ್ ಕೊಟ್ಟದ್ದು, ರೋಮಿನ ಚಕ್ರವರ್ತಿಗಳ ಚರಿತ್ರೆ. ಬೆನ್ನು ಮುರಿದಿದೆ, ದಾರ ಪುಡಿಯಾಗಿದೆ. ಹೊಸದಾಗಿ ಹೊಲಿದು ಕೊಡಬೇಕು. ನನ್ನ ಓದು ನಿನಗೆ ಗೊತ್ತಲ್ಲ, ಹದಿನಾರು ಪುಟಕ್ಕೆ ಒಂದು ಫಾರಂ, ಕೈಗೆ ಬಂದ ಫಾರಂ ಓದುವುದು. ಹಾಗಾಗಿ ನನ್ನ ಚರಿತ್ರೆಯಲ್ಲಿ ಕೆಲವರು ಮೊದಲು ಸತ್ತು ಆಮೇಲೆ ಹುಟ್ಟುತ್ತಾರೆ.

ಅಲ್ಲಿ ಸ್ಟೋಯಿಕ್ ಎಂಬ ಪಂಥದವರಿದ್ದರಂತೆ. ಅವರಲ್ಲೊಬ್ಬ ಮೊದಲು ಗುಲಾಮ, ಕಾಲು ಬೇರೆ ಕುಂಟು, ಆಮೇಲೆ ದೊಡ್ಡ ಗುರು. ಅವನ ಪಾಠವೆಲ್ಲ ಒಂದೇ ಪ್ರಶ್ನೆಯ ಸುತ್ತ: ಇದು ನನ್ನ ಕೈಯಲ್ಲಿರುವುದೋ, ಅಲ್ಲವೋ? ಅಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಹೌದಾದದ್ದನ್ನು ಬಿಡಬೇಡ. ಆ ಪಂಥವನ್ನು ನಂಬಿದ ಚಕ್ರವರ್ತಿಯೂ ಒಬ್ಬನಿದ್ದ. ಗಡಿಯಲ್ಲಿ ಯುದ್ಧದ ಡೇರೆಯೊಳಗೆ ಕೂತು ತನಗೆ ತಾನೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದನಂತೆ. ಅಷ್ಟು ದೊಡ್ಡ ರಾಜ್ಯ ಇಟ್ಟುಕೊಂಡು ತನ್ನ ತಪ್ಪನ್ನೇ ಹುಡುಕುತ್ತ ಕೂತವನು. ಓದುವುದಕ್ಕೆ ಚೆನ್ನಾಗಿದೆ. ಆದರೆ ಸೂರು ನೋಡುವ ಹನ್ನೊಂದು ಜನರ ಮುಂದೆ ನೀನು ಹೋಗಿ ನಿನ್ನ ತಪ್ಪು ಹುಡುಕಿಕೊಂಡರೆ ಅವರು ನಿನ್ನ ತಲೆಯ ಮೇಲೆ ಕೂರುತ್ತಾರೆ.

ನಿನಗೆ ಬೇಕಾದವನು ಡೊಮಿಷಿಯನ್ ಎಂಬ ಚಕ್ರವರ್ತಿ. ಅವನ ಅಧ್ಯಾಯ ಇವತ್ತು ಓದಿದೆ. ಅವನ ಕಾಲದಲ್ಲಿ ಒಬ್ಬ ಅಧಿಕಾರಿಗೂ ಲಂಚ ಮುಟ್ಟುವ ಧೈರ್ಯ ಇರಲಿಲ್ಲವಂತೆ. ಸಣ್ಣ ತಪ್ಪಿಗೂ ಎಲ್ಲರೆದುರು ಶಿಕ್ಷೆ. ಪ್ರತಿಯೊಂದನ್ನೂ ತಾನೇ ನೋಡುತ್ತಿದ್ದ. ಅಷ್ಟು ಪ್ರಾಮಾಣಿಕ ಅಧಿಕಾರಿಗಳು ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಇರಲಿಲ್ಲ ಎಂದು ಬರೆದಿದೆ. ನೀನೂ ಹಾಗೆ ಬಿಗಿ ಹಿಡಿ. ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎನ್ನುವುದು ಸದಾ ನಿನ್ನ ಕಣ್ಣಳತೆಯಲ್ಲಿರಲಿ. ಸ್ವಲ್ಪ ಹೆದರಿಕೊಳ್ಳಲಿ ಬಿಡು. ನೀನೇ ಹೆದರಿಕೊಂಡು ಸಾಯುವುದಕ್ಕಿಂತ ವಾಸಿ.

ಅದೂ ಆಗದಿದ್ದರೆ ಇನ್ನೊಬ್ಬ ಚಕ್ರವರ್ತಿ ಇದ್ದಾನೆ. ಸಿಂಹಾಸನ ಬಿಟ್ಟು ಹೋಗಿ ಎಲೆಕೋಸು ಬೆಳೆದನಂತೆ. ಹಿತ್ತಲಲ್ಲಿ ಜಾಗ ನೋಡಿಟ್ಟಿರುತ್ತೇನೆ.

ಅಕ್ಕ


ಜುಲೈ 14

ಅಕ್ಕಾ,

ನಿನ್ನ ಡೊಮಿಷಿಯನ್‌ಗೆ ಒಂದು ದೊಡ್ಡ ನಮಸ್ಕಾರ. ನಾಲ್ಕು ವಾರದಿಂದ "ಆಯ್ತಪ್ಪಾ" ಹೋಗಿ "ಆಯ್ತು ಸಾರ್" ಬಂದಿದೆ.

ಮೊದಲು ಆ ವಾಲ್ವ್ ವಿಷಯ ಮತ್ತೆ ತೆಗೆದೆ. ಎಂಜಿನ್ನುಗಳಿಗೆ ಎಣ್ಣೆ ಹಾಕುವವನನ್ನು ನಾವು ಎಣ್ಣೆಡಬ್ಬಿ ಅನ್ನುತ್ತೇವೆ. ಅವತ್ತು ಆ ಕಡೆ ಓಡಾಡಿದವನು ಅವನೇ. ಎಲ್ಲರೆದುರು ನಿಲ್ಲಿಸಿ ಮೂರು ದಿನ ಮನೆಗೆ ಕಳಿಸಿದೆ. "ನಾನಲ್ಲ ಸಾರ್, ಮಕ್ಕಳಾಣೆ" ಅಂದ. ಆದರೆ ಯಾರಾದರೊಬ್ಬರ ಮೇಲೆ ಹಾಕಲೇಬೇಕಿತ್ತು. ಆಮೇಲೆ ಗಂಟೆಗೊಮ್ಮೆ ಬರೆಯುವ ಒಂದು ರಿಜಿಸ್ಟರ್ ಮಾಡಿದೆ. ಪ್ರತಿಯೊಬ್ಬನೂ ತನ್ನ ಜಾಗದಲ್ಲೇ ಇರಬೇಕು, ಅಲ್ಲೇ ಸಹಿ ಹಾಕಬೇಕು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವ ಹಾಗಿಲ್ಲ.

ನನ್ನ ಮೇಜು ಗೋಡೆಗೆ ಮುಖ ಮಾಡಿದೆ, ಕಂಪ್ರೆಸರ್ ಹಾಲ್ ಬೆನ್ನ ಹಿಂದೆ. ಅದಕ್ಕೆ ಮೇಜಿನ ಮೇಲಿನ ಗೋಡೆಗೆ ಒಂದು ಆಳೆತ್ತರದ ಕನ್ನಡಿ ತೂಗುಹಾಕಿಸಿದೆ. ಈಗ ಕತ್ತು ತಿರುಗಿಸದೆ ಎಲ್ಲರನ್ನೂ ನೋಡುತ್ತೇನೆ. ನಾನು ಯಾರನ್ನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗುವುದಿಲ್ಲ. ಕನ್ನಡಿ ಬಂದ ದಿನದಿಂದ ಹಾಲಿನಲ್ಲಿ ಹರಟೆ ಬಂದ್. ರಿಜಿಸ್ಟರಿನಲ್ಲಿ ಇಷ್ಟು ದಿನಕ್ಕೆ ಒಂದು ದೂರೂ ಇಲ್ಲ, ಒಂದೂ ಇಲ್ಲ ಅಕ್ಕಾ! ಹಳೆಯ ಇನ್‌ಚಾರ್ಜ್ ಕಾಲದಲ್ಲಿ ವಾರಕ್ಕೆ ಹತ್ತು ಇರುತ್ತಿದ್ದವು.

ಒಂದೇ ತೊಂದರೆ, ನಿದ್ದೆ ಇನ್ನೂ ಬರುತ್ತಿಲ್ಲ. ಊಟಕ್ಕೆ ಕೂತಾಗಲೂ ನಾನು ಎದುರಿನ ಗೋಡೆಯನ್ನೇ ನೋಡುತ್ತಿರುತ್ತೇನೆ ಎಂದು ನನ್ನವಳು ಹೇಳುತ್ತಾಳೆ. ಮೂಗಣ್ಣ ಮುಂಚೆಯಂತೆ ಬಂದು "ಎಲ್ಲಾ ಸೈ" ಅನ್ನುವುದಿಲ್ಲ. ಸಹಿ ಹಾಕಿ, ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ನಾನು ಇನ್‌ಚಾರ್ಜ್ ಆದದ್ದು ಅವರಿಗೆ ಹಿಡಿಸಿಲ್ಲವೋ ಏನೋ.

ಅಂದಹಾಗೆ ನಿನ್ನ ಅಕ್ಷರ ಯಾಕೆ ಇಷ್ಟು ದೊಡ್ಡದಾಗಿದೆ? ಹೋದ ಪತ್ರ ಐದು ಹಾಳೆ ಇತ್ತು. ಸಾಲುಗಳು ಬೇರೆ ಓರೆಯಾಗಿ ಇಳಿದಿವೆ.

ತಮ್ಮ


ಜುಲೈ 22

ತಮ್ಮಾ,

ಅಕ್ಷರದ ಬಗ್ಗೆ ಕೇಳಿದ್ದೀಯ. ನೀನೀಗ ದೊಡ್ಡ ಮನುಷ್ಯನಲ್ಲವೇ, ಅಂತಸ್ತಿಗೆ ತಕ್ಕ ಹಾಗೆ ಬರೆಯುತ್ತಿದ್ದೇನೆ.

ಎಲ್ಲ ಸರಿಹೋಗಿದೆ ಎಂದು ಖುಷಿಪಡಬೇಕು. ಪಟ್ಟೆ. ಆದರೆ "ಒಂದು ದೂರೂ ಇಲ್ಲ" ಎನ್ನುವ ಸಾಲು ಊಟ ಮಾಡುವಾಗ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಟಕ್ಕೆಂದಿತು. ನಿನಗೆ ನೆನಪಿದೆಯಾ, ನಿನಗೆ ಒಂಬತ್ತು ವರ್ಷ, ಅಮ್ಮ ಹೋಗಿ ಆಗಿನ್ನೂ ಆರು ತಿಂಗಳು. ಸರೇಸಿನ ಪಾತ್ರೆ ಮುಟ್ಟಬೇಡ ಎಂದು ನಾನು ಕೋಲು ತೋರಿಸಿ ಹೇಳಿದ್ದೆ. ನೀನು ಮುಟ್ಟಿದೆ. ಕುದಿಯುವ ಅಂಟು ಎಡಗೈಗೆ ಮೆತ್ತಿಕೊಂಡಿತು. ಮೂರು ದಿನ ಆ ಕೈಯನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮೂರು ದಿನವೂ ಮನೆಯಲ್ಲಿ ಒಂದು ದೂರೂ ಇರಲಿಲ್ಲ. ನಾಲ್ಕನೆಯ ದಿನ ಜ್ವರ ಬಂದಾಗ ಕೈ ಮುಂದೆ ಚಾಚಿ, "ಅಕ್ಕಾ, ಬೈಬೇಡ" ಅಂದೆ. ಆ ಉಂಗುರ ಬೆರಳು ಈಗಲೂ ಮಡಚುವುದಿಲ್ಲ. ಅಲ್ಲವಾ?

ಸುಮ್ಮನೆ ನೆನಪಾಯಿತು, ಬರೆದೆ.

ಡೊಮಿಷಿಯನ್‌ನ ಅಧ್ಯಾಯ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿಲ್ಲ. ಮುಂದಿನ ಫಾರಂ ಸೇರಿಸಲು ಹೋದರೆ ಅಲ್ಲಿ ಬೇರೆ ಚಕ್ರವರ್ತಿ ಬಂದು ನಿಂತಿದ್ದಾನೆ. ಇವನ ಕಥೆ "ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅವನು" ಎನ್ನುವಲ್ಲಿಗೆ ತುಂಡಾಗಿದೆ. ನಡುವಿನ ಒಂದು ಫಾರಂ ಕಾಣುತ್ತಿಲ್ಲ. ಅಂಗಡಿಯೆಲ್ಲ ಹುಡುಕಿದೆ. ಸಿಗುವವರೆಗೆ ನೀನು ಸ್ವಲ್ಪ ನಿಧಾನಿಸು. ಮೂಗಣ್ಣನನ್ನು ಕೂರಿಸಿಕೊಂಡು ಒಂದು ಚಹಾ ಕುಡಿ.

ಅಕ್ಕ


ಆಗಸ್ಟ್ 5

ಅಕ್ಕಾ,

ಇದನ್ನು ಬೇರೆ ಯಾರಿಗೂ ಹೇಳಲಾರೆ.

ಮನೆಯ ಹಿಂದಿನ ಗೋಡೆಗೆ ಹಬ್ಬಿದ ಬಳ್ಳಿ ಕಂದುಬಣ್ಣಕ್ಕೆ ತಿರುಗಿದೆ. ಪೂರ್ತಿ ಅಲ್ಲ, ನಡುವೆ ಒಂದು ತಟ್ಟೆಯಗಲ. ಎಲೆಗಳ ಅಂಚು ಬೆಂಕಿಗೆ ಹಿಡಿದ ಹಾಗೆ ಮುರುಟಿದೆ. ಬಟ್ಟೆ ಒಣಹಾಕುವಾಗ ಕಣ್ಣು ಉರಿಯುತ್ತದೆ ಎಂದು ನನ್ನವಳು ಎರಡು ಸಲ ಹೇಳಿದಳು. ಸೋಪು ಬದಲಾಯಿಸು ಅಂದೆ. ನಿನ್ನೆ ಗುಬ್ಬಿ ಅಲ್ಲಿ ಆಡಿ ಬಂದು ಕೆಮ್ಮಿದಳು. ಧೂಳು ಅಂದೆ.

ಕಾರ್ಖಾನೆಗೆ ಬಂದು ರಿಜಿಸ್ಟರ್ ನೋಡಿದೆ. ಹಿಂಬದಿ ಓಣಿ: ವಾಸನೆ ಇಲ್ಲ, ವಾಸನೆ ಇಲ್ಲ, ವಾಸನೆ ಇಲ್ಲ. ದಿನಕ್ಕೆ ನಾಲ್ಕು ಸಲ, ಮೂಗಣ್ಣನ ಸಹಿ. ಒಬ್ಬೊಬ್ಬರನ್ನೇ ಕರೆದು ಕೇಳಿದೆ. "ಎಲ್ಲಾ ಸರಿಯಾಗಿದೆ ಸಾರ್." ಎಲ್ಲರದೂ ಅದೇ ಮಾತು, ಅದೇ ದನಿ. ಎಣ್ಣೆಡಬ್ಬಿ ಏನೋ ಹೇಳಲು ಬಾಯಿ ತೆರೆದ. ಆಮೇಲೆ ನನ್ನ ತಲೆಯ ಮೇಲಿನ ಕನ್ನಡಿ ನೋಡಿ ಮುಚ್ಚಿಕೊಂಡ.

ನಾನೇ ಓಣಿಗೆ ಹೋಗಿ ಮೂಸಿದೆ. ನನ್ನ ಮೂಗಿಗೆ ಎಲ್ಲ ಕಡೆಯೂ ಒಂದೇ ಥರ. ಗಂಧಕದ ಕಡ್ಡಿಗಳ ಪೆಟ್ಟಿಗೆ ಕಪಾಟಿನಲ್ಲಿದೆ. ಅದನ್ನು ಹಚ್ಚಿಕೊಂಡು ನಡೆದರೆ ಅಮೋನಿಯಾ ಇರುವ ಕಡೆ ಬಿಳಿ ಹೊಗೆ ಏಳುತ್ತದೆ. ಮೂಗಣ್ಣ ಇರುವಾಗ ಅದು ಯಾಕೆ ಎಂದು ವರ್ಷಗಳಿಂದ ಯಾರೂ ತೆರೆದಿಲ್ಲ. ನಾನು ಕಪಾಟಿನ ಮುಂದೆ ಹೋಗಿ ನಿಂತೆ. ತೆರೆಯಲಿಲ್ಲ. ಹೊಗೆ ಎದ್ದರೆ ಏನು ಮಾಡಲಿ? ನನ್ನ ಪಾಳಿಯಲ್ಲಿ ನಾಲ್ಕು ವಾರ, ಐದು ವಾರ ಸೋರುತ್ತಿತ್ತು ಎಂದಾಗುತ್ತದಲ್ಲ? ಬಳ್ಳಿಗೆ ರೋಗ ಬಂದಿರಬಹುದು. ಬಳ್ಳಿಗೂ ರೋಗ ಬರುತ್ತದೆ.

ಎಲ್ಲರೂ ನನ್ನ ಕಣ್ಣೆದುರಿಗೇ ಇದ್ದಾರೆ. ಆದರೂ ನನಗೇನೂ ಕಾಣುತ್ತಿಲ್ಲ ಅನ್ನಿಸುತ್ತಿದೆ. ಬೇಗ ಬರೆ.

ತಮ್ಮ


ತಂತಿ, ಆಗಸ್ಟ್ 9

ಕನ್ನಡಿ ತೆಗೆ. ರಿಜಿಸ್ಟರ್ ನಂಬಬೇಡ. ಮೂಗಣ್ಣನನ್ನು ಕೇಳು. ಪತ್ರ ಬರುತ್ತಿದೆ. ಅಕ್ಕ


ಆಗಸ್ಟ್ 9

ತಮ್ಮಾ,

ತಂತಿ ಕಚೇರಿಯವನು ನಕ್ಕ. "ಏನಮ್ಮಾ, ಕನ್ನಡಿ ತೆಗೆಯೋಕೆ ತಂತೀನಾ?" ಅಂದ. ನಗಲಿ. ಈ ಪತ್ರ ನಿನ್ನ ಕೈ ಸೇರಲು ನಾಲ್ಕು ದಿನ ಬೇಕು. ಆ ಬಳ್ಳಿ ನಾಲ್ಕು ದಿನ ಕಾಯುತ್ತದೆ ಎಂದು ನನಗೆ ಅನ್ನಿಸಲಿಲ್ಲ.

ಆ ಫಾರಂ ಸಿಕ್ಕಿತು, ಪ್ರೆಸ್ಸಿನ ಕೆಳಗೆ ಬಿದ್ದಿತ್ತು. ಅದರಲ್ಲಿ ಏನಿದೆ ಗೊತ್ತಾ? ಡೊಮಿಷಿಯನ್‌ಗೆ ಬರಬರುತ್ತ ಎಲ್ಲರ ಮೇಲೂ ಅನುಮಾನ. ಯಾರೋ ಹಿಂದಿನಿಂದ ಬಂದು ಕೊಲ್ಲುತ್ತಾರೆ ಎನ್ನುವ ಭಯ. ಅದಕ್ಕೆ ತಾನು ಅಡ್ಡಾಡುವ ಪಡಸಾಲೆಯ ಗೋಡೆಗಳಿಗೆಲ್ಲ ಹೊಳೆಯುವ ಕಲ್ಲು ಹಾಕಿಸಿದ, ಬೆನ್ನ ಹಿಂದೆ ನಡೆಯುವುದು ಕನ್ನಡಿಯಲ್ಲಿ ಕಂಡಂತೆ ಕಾಣಲಿ ಎಂದು. ನಾನು ನಿನಗೆ ಕನ್ನಡಿಯ ಸುದ್ದಿ ಬರೆದೇ ಇರಲಿಲ್ಲ. ನೀನಾಗಿಯೇ ತೂಗುಹಾಕಿದೆ. ಅದು ತಿಳಿದ ಕೂಡಲೇ ತಂತಿ ಕಚೇರಿಗೆ ಹೊರಟೆ.

ಅವನನ್ನು ಕೊಂದದ್ದು ಶತ್ರುಗಳಲ್ಲ. ಅವನ ಮಲಗುವ ಕೋಣೆಯ ಸೇವಕರು, ಮನೆಯ ಜನ. ಹೆಂಡತಿಗೂ ಗೊತ್ತಿತ್ತಂತೆ. ಅಷ್ಟು ಜನಕ್ಕೆ ಗೊತ್ತಿದ್ದ ಸುದ್ದಿ ಅವನೊಬ್ಬನಿಗೆ ಮುಟ್ಟಲಿಲ್ಲ. ಅವನಿಗೆ ಸುದ್ದಿ ಹೇಳುವುದೇ ಅಪಾಯ ಎಂದು ಎಲ್ಲರೂ ಕಲಿತುಬಿಟ್ಟಿದ್ದರು. ನಾನು ನಿನಗೆ ಅರ್ಧ ಚಕ್ರವರ್ತಿಯನ್ನು ಕಳಿಸಿ, ಹಾಗೆ ಆಳು ಎಂದೆ.

ಕನ್ನಡಿ ಬೇಕೇ ಬೇಕೆಂದರೆ ಮುಖ ನೋಡಿಕೊಳ್ಳಲು ಚಿಕ್ಕದೊಂದು ಇಟ್ಟುಕೋ. ಆ ಡೇರೆಯ ಚಕ್ರವರ್ತಿ ಬರೆಯುತ್ತ ಕೂತದ್ದು ಅದಕ್ಕೇ ಇರಬೇಕು. ನಾನು ಅವನನ್ನು ನೋಡಿ ನಕ್ಕಿದ್ದೆ.

ನಿನ್ನ ಹನ್ನೊಂದು ಜನರ ಜೇಬಿನಲ್ಲಿ ಸುಟ್ಟ ಕೈಗಳಿವೆ. ಅವರು ತಾವಾಗಿ ತೋರಿಸುವುದಿಲ್ಲ. ಮೊದಲು ನೀನು ತೋರಿಸು. ತೋರಿಸುವುದಕ್ಕೆ ನಿನ್ನ ಹತ್ತಿರವೂ ಏನೋ ಇದೆ ಎಂದು ಜೂನ್ ಪತ್ರದಲ್ಲೇ ನನಗೆ ಅನ್ನಿಸಿತ್ತು. ನಾನೂ ಕೆದಕಲಿಲ್ಲ.

ಗುಬ್ಬಿಯನ್ನು ಅವಳ ಅಜ್ಜಿಯ ಮನೆಗೆ ಕಳಿಸು. ಈ ಪತ್ರ ಸೇರಿದ ದಿನವೇ.

ಅಕ್ಕ


ಆಗಸ್ಟ್ 17

ಅಕ್ಕಾ,

ಎಲ್ಲರೂ ಬದುಕಿದ್ದೇವೆ. ಮೊದಲು ಅದನ್ನು ಬರೆಯುತ್ತೇನೆ, ನೀನು ಹಾಳೆ ತಿರುಗಿಸಿ ಹುಡುಕಬಾರದಲ್ಲ.

ತಂತಿ ಹತ್ತನೆಯ ತಾರೀಕು ಬೆಳಿಗ್ಗೆ ಚಹಾದ ಹೊತ್ತಿಗೆ ಬಂತು. ಅರ್ಥವಾಗಲಿಲ್ಲ. ಆದರೆ ಅಮ್ಮ ಹೋದಾಗ ಬಿಟ್ಟರೆ ನೀನು ಯಾವತ್ತೂ ಯಾರಿಗೂ ತಂತಿ ಕಳಿಸಿದವಳಲ್ಲ. ಸ್ಟೂಲ್ ಹತ್ತಿ ಕನ್ನಡಿಯ ಹಗ್ಗ ಬಿಚ್ಚತೊಡಗಿದೆ. ಹನ್ನೊಂದು ಜನವೂ ನೋಡುತ್ತಿದ್ದರು. ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟೆ. ಆಮೇಲೆ ಅವರ ಕಡೆ ತಿರುಗಿದೆ. "ಆ ವಾಲ್ವ್ ಬಿಟ್ಟಿದ್ದು ನಾನು" ಅಂದೆ.

ಹೌದು ಅಕ್ಕಾ, ನಾನೇ. ಮೊದಲ ದಿನದ ಗಾಬರಿಯಲ್ಲಿ ಅರ್ಧ ತಿರುಗಿಸಿ, ಯಾರೋ ಕರೆದರೆಂದು ಹೋಗಿಬಿಟ್ಟಿದ್ದೆ. ಎಣ್ಣೆಡಬ್ಬಿ ಮೂರು ದಿನ ಮನೆಯಲ್ಲಿ ಕೂತದ್ದು ನನ್ನ ತಪ್ಪಿಗೆ. ಅವನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವನು ನನ್ನ ಮುಖ ನೋಡಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಹೋದರು. ಪಾಳಿ ಮುಗಿಯುವವರೆಗೆ ಕಂಪ್ರೆಸರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೂಗಣ್ಣನನ್ನು ಕರೆದು ಓಣಿಯ ಬಗ್ಗೆ ಕೇಳಿದೆ. ನೆಲ ನೋಡುತ್ತ "ನಾಳೆ ಹೇಳ್ತೀನಿ ಸಾರ್" ಎಂದು ಹೊರಟುಬಿಟ್ಟರು. ಇದ್ದ ಮರ್ಯಾದೆಯೂ ಹೋಯಿತು ಎಂದುಕೊಂಡೆ. ಗಂಧಕದ ಪೆಟ್ಟಿಗೆ ತೆರೆಯುವ ಧೈರ್ಯ ಅವತ್ತೂ ಬರಲಿಲ್ಲ.

ಮರುದಿನ ನಾನು ಬರುವ ಮೊದಲೇ ಮೂಗಣ್ಣ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು.

"ಸಾರ್, ಫೆಬ್ರವರೀಲಿ ನಂಗೆ ಜ್ವರ ಬಂತಲ್ಲ. ಅವತ್ತಿಂದ ವಾಸನೇನೇ ಬರ್ತಿಲ್ಲ. ಮನೇಲಿ ಒಲೆ ಮೇಲೆ ಹಾಲು ಸೀದೋದ್ರೂ ಗೊತ್ತಾಗಲ್ಲ."

"ಮತ್ತೆ ಇಷ್ಟು ದಿನ ಸಹಿ?"

"ಮುಂಚೆ ಎಣ್ಣೆಡಬ್ಬಿ ನನ್ ಜೊತೆ ಬರ್ತಿದ್ದ. ಅವನ ಮೂಗು ಇನ್ನೂ ಅಷ್ಟು ಕೆಟ್ಟಿಲ್ಲ. ಅವನು ಮೂಸ್ತಿದ್ದ, ನಾನು ಸಹಿ ಹಾಕ್ತಿದ್ದೆ. ನಿಮ್ಮೊಬ್ರನ್ನ ಬಿಟ್ಟು ಎಲ್ಲಾರ್ಗೂ ಗೊತ್ತಿತ್ತು. ನಂದು ಇನ್ನೆರಡು ವರ್ಷ ಸರ್ವೀಸ್ ಅಲ್ವಾ, ತಳ್ಕೊಂಡು ಹೋಗೋಣ ಅಂತ. ನೀವು ಕನ್ನಡಿ ಹಾಕಿದ್ಮೇಲೆ ಅವನು ಜಾಗ ಬಿಡೋ ಹಾಗಿರ್ಲಿಲ್ಲ. ಒಬ್ನೇ ಹೋಗ್ತಿದ್ದೆ. ಓಣಿ ಕೊನೇವರ್ಗೂ ಹೋಗಿ, ಸುಮ್ನೆ ನಿಂತು, ದೇವ್ರೇ ಏನೂ ಆಗ್ದೇ ಇರ್ಲಿ ಅಂದ್ಕೊಂಡು ವಾಪಸ್ ಬರ್ತಿದ್ದೆ."

"ನಂಗೆ ಹೇಳ್ಬಾರ್ದಿತ್ತಾ ಮೂಗಣ್ಣಾ?"

"ಯಾವಾಗ ಹೇಳ್ಲಿ ಸಾರ್?" ಅಂದರು.

ನಾನು ಇನ್‌ಚಾರ್ಜ್ ಆದಮೇಲೆ ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಅದರ ಮುಂದಿನದು. ಪೆಟ್ಟಿಗೆ ತೆರೆಯುವ ಮುಂಚೆ ಕ್ವಾರ್ಟರ್ಸ್ ಖಾಲಿ ಮಾಡಿಸಿದೆ. ಆರು ಮನೆಯವರೂ ಒಲೆ ಆರಿಸಿ ಬರಿಗೈಯಲ್ಲಿ ರಸ್ತೆಯ ಆ ಬದಿಗೆ ಹೋಗಿ ನಿಂತರು. ಪಕ್ಕದ ಮನೆಯಾಕೆ, "ಒಂದು ಬಳ್ಳಿ ಒಣಗಿದ್ದಕ್ಕೆ ಇಷ್ಟು ಗಲಾಟೆನಾ?" ಎಂದು ಬೈದಳು. ಬೈಸಿಕೊಂಡೆ. ಆಮೇಲೆ ನಾನು, ಮೂಗಣ್ಣ, ಎಣ್ಣೆಡಬ್ಬಿ ಒದ್ದೆ ಬಟ್ಟೆ ಕಟ್ಟಿಕೊಂಡು ಗಂಧಕದ ಕಡ್ಡಿ ಹಚ್ಚಿ ಓಣಿಗೆ ಇಳಿದೆವು. ಅರ್ಧ ದಾರಿಯವರೆಗೆ ಏನೂ ಇಲ್ಲ. ಮೂರನೆಯ ತಿರುವಿನಲ್ಲಿ, ನಮ್ಮ ಮನೆಯ ನೇರಕ್ಕೆ, ಕಡ್ಡಿಯ ತುದಿಯಿಂದ ಬಿಳಿ ಹೊಗೆ ದಪ್ಪಗೆ ಎದ್ದು ನಿಂತಿತು. ಕೊಳವೆಯ ಮೇಲಿನ ಹೊದಿಕೆ ಒಳಗೊಳಗೇ ಕೊಳೆತು ಹೋಗಿತ್ತು. ಕೈ ಇಟ್ಟರೆ ಬೆಂಡಿನಂತೆ ಒಳಗೆ ಹೋಯಿತು, ಅದರಡಿಯ ಕೊಳವೆ ತುಕ್ಕು ಹಿಡಿದು ತೂತು ಬಿದ್ದಿತ್ತು.

ಮುಖ್ಯ ವಾಲ್ವ್ ಮುಚ್ಚಲು ಹಾಲಿಗೆ ಹೇಳಿಕಳಿಸಿದೆ. ಓಣಿಯ ಆ ಕೊನೆಯಲ್ಲಿರುವ ಇನ್ನೊಂದನ್ನು ಕೈಯಿಂದ ತಿರುಗಿಸಬೇಕಿತ್ತು. ಅದು ಮೂವತ್ತು ವರ್ಷದ ವಾಲ್ವ್, ಮೂಗಣ್ಣನ ಕೈಗೆ ಮಾತ್ರ ಪಳಗಿದ್ದು. ನಾನು ಹೋಗುತ್ತೇನೆ ಅಂದೆ. "ನಿಮ್ಗೆ ಯಾವ ಕಡೆ ತಿರುಗಿಸ್ಬೇಕು ಅಂತ ಮರ್ತೋಗುತ್ತೆ ಸಾರ್" ಅಂದರು. ಅಷ್ಟು ದಿನದಲ್ಲಿ ಅವರು ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು. ಕಾರ್ಖಾನೆಯಲ್ಲಿದ್ದ ಒಂದೇ ಒಂದು ಅನಿಲ ತಡೆಯುವ ಮುಖವಾಡ ಕಟ್ಟಿ ಕಳಿಸಿದೆ. ಅವರು ಪೂರ್ತಿ ಮುಚ್ಚಿದರು. ತಿರುಗಿ ಬರುವಾಗ, ಕೊಳವೆಯಲ್ಲಿ ಉಳಿದಿದ್ದದ್ದೆಲ್ಲ ಆ ಕೊಳೆತ ಜಾಗ ಸೀಳಿಕೊಂಡು ಹೊರಗೆ ನುಗ್ಗಿತು. ಎರಡು ಮಾರು ಆಚೆ ನಿಂತ ನನಗೆ ಅವರು ಕಾಣಲಿಲ್ಲ. ಬರೀ ಬಿಳುಪು. ಎಣ್ಣೆಡಬ್ಬಿ ನುಗ್ಗಿಹೋಗಿ ಅವರ ಕಾಲು ಹಿಡಿದು ಎಳೆದು ತಂದ. ಮುಖವಾಡ ಕಳಚಿತ್ತು. ನೀರಿನ ತೊಟ್ಟಿಗೆ ಇಳಿಸಿ ಕಣ್ಣಿಗೆ ನೀರು ಹುಯ್ಯುತ್ತಲೇ ಇದ್ದೆವು. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ಗೋಡೆಯ ಮೇಲಿನಿಂದ ಆ ಬಿಳುಪು ಆಚೆಗೆ ಹರಿದು ಹೋಗಿತ್ತು. ಸಂಜೆ ಹೋಗಿ ನೋಡಿದೆ. ಬಳ್ಳಿ ಬುಡದವರೆಗೆ ಕಪ್ಪಾಗಿತ್ತು. ಗುಬ್ಬಿಯ ಕಿಟಕಿ ತೆರೆದೇ ಇತ್ತು. ಹಾಸಿಗೆಯ ಮೇಲೆ ಅವಳ ಬಟ್ಟೆಯ ಗೊಂಬೆ ಬಿದ್ದಿತ್ತು. ಅದನ್ನು ಎತ್ತಿಕೊಂಡರೆ ನನ್ನ ಕಣ್ಣು ಉರಿಯಿತು. ಆಗ ಅತ್ತೆ.

ಮೂಗಣ್ಣನ ಕಣ್ಣಿಗೆ ಕಟ್ಟು ಹಾಕಿದ್ದಾರೆ. ಇಪ್ಪತ್ತೊಂಬತ್ತಕ್ಕೆ ಬಿಚ್ಚುತ್ತಾರಂತೆ. ಡಾಕ್ಟರು ಏನೂ ಹೇಳುತ್ತಿಲ್ಲ. ದಿನಾ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ನಿನ್ನ ಕುಂಟ ಗುರುವಿನ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅವರ ಕಣ್ಣು ನನ್ನ ಕೈಯಲ್ಲಿಲ್ಲ. ಅವರು ಹೆದರದೆ ಬಂದು ಹೇಳಬಹುದಾದಂಥವನಾಗಿ ನಾನು ಇರುವುದು ನನ್ನ ಕೈಯಲ್ಲಿತ್ತು.

ರಿಜಿಸ್ಟರಿನಲ್ಲಿ ಈ ವಾರ ಹದಿನೇಳು ದೂರುಗಳಿವೆ. ಅದರಲ್ಲಿ ಒಂದು ನನ್ನ ಮೇಲೆಯೇ ಇದೆ, ಎಣ್ಣೆಡಬ್ಬಿಯದು.

ನೀನು ಆ ಫಾರಂ ಹುಡುಕಿ ತೆಗೆಯದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ತಮ್ಮ


ಆಗಸ್ಟ್ 24

ತಮ್ಮಾ,

ನಿನ್ನ ಪತ್ರವನ್ನು ಜಡ್ಜ್ ಓದಿ ಹೇಳಿದರು. ಗುಬ್ಬಿಯ ಗೊಂಬೆಯ ಜಾಗವನ್ನು ಎರಡು ಸಲ ಓದಿದರು.

ನನ್ನ ಪತ್ರ ಬೇರೆಯವರು ಯಾಕೆ ಓದಿದರು ಎಂದು ನಿನಗೆ ಅನ್ನಿಸುತ್ತದೆ. ಅದನ್ನು ಬರೆಯುವುದಕ್ಕೇ ಮೂರು ದಿನದಿಂದ ಹಾಳೆ ಹರಿಯುತ್ತಿದ್ದೇನೆ.

ಆ ಫಾರಂ ಪ್ರೆಸ್ಸಿನ ಕೆಳಗೆ ಬಿದ್ದಿರಲಿಲ್ಲ. ಕಳೆದೇ ಇರಲಿಲ್ಲ. ನಾನೇ ಅದನ್ನು ನೀರೋ ಚಕ್ರವರ್ತಿಯ ನಡುವೆ ಸೇರಿಸಿ ಹೊಲಿದುಬಿಟ್ಟಿದ್ದೆ, ಅದೂ ತಲೆಕೆಳಗಾಗಿ. ಪುಸ್ತಕ ಎಲ್ಲಿಗೆ ಬಂತು ಎಂದು ನೋಡಲು ಬಂದ ಜಡ್ಜ್ ಹಾಳೆ ತಿರುಗಿಸಿ, "ಇದೇನಮ್ಮಾ, ನೀರೋ ಮಧ್ಯೆ ಇವನ್ಯಾರು ತಲೆಕೆಳಗಾಗಿ ನಿಂತಿದ್ದಾನೆ?" ಅಂದರು. ಅವರೇ ಕೂತು ಓದಿದರು. ನಾನು ಕೇಳಿಸಿಕೊಂಡೆ. ಹೊಳೆಯುವ ಕಲ್ಲಿನ ಗೋಡೆ ನನಗೆ ತಿಳಿದದ್ದು ಹಾಗೆ.

ಪ್ರತಿ ಫಾರಮ್ಮಿನ ಕೆಳಗೆ ಚಿಕ್ಕದಾಗಿ ಒಂದು ಅಂಕಿ ಇರುತ್ತದೆ, ಅನುಕ್ರಮ ತಪ್ಪದಿರಲಿ ಎಂದು. ಹೋದ ಚಳಿಗಾಲದಿಂದ ಅದು ನನಗೆ ಕಾಣುತ್ತಿಲ್ಲ. ಮೊದಲು ಅಂಕಿ ಹೋಯಿತು, ಆಮೇಲೆ ಸಾಲು ಮಸುಕಾಯಿತು. ಈಗ ಕಿಟಕಿಯ ಬಳಿ ಭೂತಗನ್ನಡಿ ಹಿಡಿದು ಒಂದು ಪುಟ ಓದಲು ಅರ್ಧ ಬೆಳಗು ಬೇಕು. ಜೂನಿನಲ್ಲಿ ನನ್ನ ಕಣ್ಣು ಸರಿಯಿದ್ದಿದ್ದರೆ ನಿನಗೆ ಪೂರ್ತಿ ಚಕ್ರವರ್ತಿ ಬರುತ್ತಿದ್ದ, ನೀನು ಕನ್ನಡಿ ತೂಗುಹಾಕುತ್ತಿರಲಿಲ್ಲ. ಮೂಗಣ್ಣನ ಕಣ್ಣಿನ ಕಟ್ಟಿನಲ್ಲಿ ನನ್ನದೂ ಒಂದು ಸುತ್ತಿದೆ. ನೀನು ನನಗೆ ಉಪಕಾರ ಹೇಳಿ ಪತ್ರ ಮುಗಿಸಿದೆ. ಅದನ್ನು ಕೇಳಿಸಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

ಯಾಕೆ ಹೇಳಲಿಲ್ಲ ಅನ್ನುತ್ತೀಯ. ನಿನಗೆ ಹೆದರಿದೆ. ಕೇಳಿದ ಕೂಡಲೇ ನೀನು ಬಂದು ಅಂಗಡಿಗೆ ಬೀಗ ಹಾಕಿಸುತ್ತೀಯ ಎಂದು ಗೊತ್ತಿತ್ತು. ಈ ಕೆಲಸ ಬಿಟ್ಟರೆ ನಾನು ಯಾರು? ನಿನ್ನನ್ನು ಕೋಲು ಹಿಡಿದು ಸಾಕಿದವಳು, ಈಗ ನೀನು ಹಿಡಿಯುವ ಕೋಲಿಗೆ ಹೆದರಿದೆ.

ಇನ್ನೊಂದಿದೆ. ಮೊನ್ನೆ ಕಟಿಂಗ್ ಮೆಷಿನ್ನಿನ ಮುಂದೆ ನಿಂತು ಹಿಡಿ ಎಳೆಯಲು ಹೋದೆ. ಬ್ಲೇಡಿನ ಕೆಳಗೆ ಬಿಳಿಯದೇನೋ ಕಂಡಿತು, ಕಾಗದದ ಅಂಚು ಎಂದುಕೊಂಡೆ. ಅದು ನನ್ನ ಎಡಗೈಯ ಬೆರಳು. ಬ್ಲೇಡು ತಣ್ಣಗೆ ತಾಗಿದ್ದರಿಂದ ಗೊತ್ತಾಯಿತು. ಆಮೇಲೆ ಕೆಳಗೆ ಕೂತುಬಿಟ್ಟೆ. ಯಾರನ್ನೂ ಕರೆಯಲಿಲ್ಲ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಇಪ್ಪತ್ತೊಂಬತ್ತಕ್ಕೆ ಮೂಗಣ್ಣನ ಕಟ್ಟು ಬಿಚ್ಚುವಾಗ ನೀನು ಅವರ ಪಕ್ಕದಲ್ಲೇ ಇರು. ಅದು ಮುಗಿಸಿಕೊಂಡು ಬಾ. ಅಲ್ಲಿಯವರೆಗೆ ಮೆಷಿನ್ ಮುಟ್ಟುವುದಿಲ್ಲ.

ತಮ್ಮಾ, ನನಗೆ ಕಣ್ಣು ಕಾಣುತ್ತಿಲ್ಲ. ಬೈಬೇಡ.

ಅಕ್ಕ